ಓದಲು ಮಾತ್ರ

ಬ್ರ್ನೋ, ನಡುವೆ ಸ್ವರವೇ ಇಲ್ಲದ ಹೆಸರಿನ ಊರು.
ಟ್ರಾಮ್ ಡಿಪೋದಲ್ಲಿ ರಾತ್ರಿ ಎರಡೂಕಾಲು.
ಕೊನೆಯ ಗಾಡಿಯೂ ಬಂದು ಮಲಗಿದೆ,
ಚಕ್ರಕ್ಕಂಟಿದ ಹಿಮ ಕರಗಿ
ಹಳಿಯ ಸಂದಿಗೆ ತೊಟ್ಟಿಕ್ಕುತ್ತಿದೆ.
ವೆಂದುಲ ಕರೆದಳು: "ಓಲ್ದ್ರಿಖ್, ಇಲ್ಲಿ ಬಾ,
ಇದು ಮತ್ತೆ ಸತ್ತಿತು."

ಸತ್ತಿದ್ದು ನಿಜ.
ಕಪ್ಪು ಪರದೆಯ ಮೇಲೆ ಒಂದೇ ಸಾಲು,
ಸೆಗ್ಮೆಂಟೇಶನ್ ಫಾಲ್ಟ್.
ಮರಣಪತ್ರದಲ್ಲೂ ಇದಕ್ಕಿಂತ ಹೆಚ್ಚು ಬರೆಯುತ್ತಾರೆ.

ಅವಳು ಕೇಳಿದ್ದೇನು ದೊಡ್ಡದಲ್ಲ:
ನಿಲ್ದಾಣದ ಹೆಸರಿನ ಮೊದಲ ಅಕ್ಷರ
ಸಣ್ಣದಿದ್ದದ್ದು ದೊಡ್ಡದಾಗಬೇಕು,
ಬೋರ್ಡಿನಲ್ಲಿ ಚೆಂದ ಕಾಣಲಿ ಅಂತ.
ಸಿ ಭಾಷೆಯ ನಲವತ್ತು ಸಾಲು.
ಕಂಪೈಲರ್ ತುಟಿ ಪಿಟಕ್ಕೆನ್ನದೆ
ಮುದ್ರೆ ಒತ್ತಿ ಕಳಿಸಿತು.
ಓಡಲು ಹೊರಟ ಮೇಲೆ ಕಾಲು ಮುರಿಯಿತು.

"ಇಗೋ, ಉದ್ಧರಣ ಚಿಹ್ನೆಯ ನಡುವೆ
ನಾನೇ ಕೂತು ಬರೆದ ಹೆಸರು.
ನಾನು ಬರೆದದ್ದನ್ನು ನಾನು ತಿದ್ದಬಾರದೆ?"

ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು
ತಡವಾಗಿ ಹೇಳಿದೆ:
ನಿನ್ನ ಹತ್ತಿರ ಹೆಸರೆಲ್ಲಿದೆ, ಹುಡುಗಿ,
ಹೆಸರಿರುವ ಕಡೆಗೆ ಚಾಚಿದ ಒಂದು ಬೆರಳಿದೆ.
ಬೆರಳನ್ನು ಬೇಕಾದತ್ತ ತಿರುಗಿಸು, ಯಾರೂ ಬೇಡವೆನ್ನರು.
ಅದು ತೋರುವ ಅಕ್ಷರಗಳು
ಪ್ರೋಗ್ರಾಮ್ ಕಣ್ಣು ಬಿಡುವ ಮೊದಲೇ ಕೆತ್ತಿದವು,
ಓದಲು ಮಾತ್ರ ಎಂದು ಬೇಲಿ ಹಾಕಿದ ಪುಟದಲ್ಲಿ.
ಕಾವಲಿಗೆ ನಿಂತ ಪ್ರೊಸೆಸರಿಗೆ
ನೀನು ಯಾರೆಂದೂ ಗೊತ್ತಿಲ್ಲ, ದಾಕ್ಷಿಣ್ಯವೂ ಗೊತ್ತಿಲ್ಲ.

"ಬೇಲಿ ಯಾಕೆ?"

ಅದೇ ಹೆಸರನ್ನು ಘೋಷಣೆಗೆಂದು ಬರೆದೆ,
ಟಿಕೆಟಿಗೆಂದು ಬರೆದೆ, ಬೋರ್ಡಿಗೆಂದು ಬರೆದೆ.
ಜಿಪುಣ ಕಂಪೈಲರ್ ಒಂದೇ ಸಲ ಕೆತ್ತಿ
ಮೂವರಿಗೂ ಅದನ್ನೇ ತೋರಿಸಿರಬಹುದು.
ಒಬ್ಬರ ಹಣೆಬರಹ ತಿದ್ದಲು ಹೋದರೆ
ಮೂವರದೂ ಕೆಡುತ್ತದೆ.

ನಾನು ಸೇರಿದಾಗಿನ ಯಂತ್ರಕ್ಕೆ ಬೇಲಿ ಇರಲಿಲ್ಲ.
ಬರೆದರೆ ಬರೆಸಿಕೊಳ್ಳುತ್ತಿತ್ತು, ಸದ್ದಿಲ್ಲದೆ.
ಒಂದು ಚಳಿಗಾಲ, ಹನ್ನೊಂದು ದಿನ,
ಕೆರೆಯ ಕಡೆ ಹೋಗುವ ಟ್ರಾಮಿಗೆ
ಸ್ಮಶಾನದ ಬೋರ್ಡು.
ಯಂತ್ರ ಬೀಳಲಿಲ್ಲ, ಯಾರೂ ಕೂಗಲಿಲ್ಲ.
ಒಬ್ಬ ಮುದುಕಿ ಸೇವಂತಿಗೆ ಹಿಡಿದುಕೊಂಡು
ಹೆಪ್ಪುಗಟ್ಟಿದ ನೀರಿನೆದುರು
ಬಹಳ ಹೊತ್ತು ನಿಂತಿದ್ದಳಂತೆ.
ಅದು ನನ್ನ ಕೈಬರಹ.
ಇದನ್ನು ವೆಂದುಲಗೆ ಹೇಳಲಿಲ್ಲ.

ಹೇಳಿದ್ದಿಷ್ಟು:
ಹೆಸರಿನ ಹಿಂದಿನ ನಕ್ಷತ್ರ ಅಳಿಸು,
ಮುಂದೆ ಚೌಕ ಕಂಸ ಹಾಕು.
ಆಗ ಅಕ್ಷರಗಳ ಒಂದು ಪ್ರತಿ ನಿನ್ನ ಪಾಲಿಗೆ ಬರುತ್ತದೆ,
ಸ್ಲೇಟಿನ ಮೇಲಿನ ಬಳಪದ ಹಾಗೆ.
ತಿದ್ದು, ಒರೆಸು, ಗೀಚು.
ಕೊನೆಯ ಸೊನ್ನೆಯೊಂದನ್ನು ಮುಟ್ಟಬೇಡ,
ಹೆಸರು ಎಲ್ಲಿ ಮುಗಿಯಿತೆಂದು
ಹೇಳುವುದಕ್ಕೆ ಬೇರೆ ಯಾರೂ ಇಲ್ಲ.

ತಿದ್ದಿದಳು. ಓಡಿತು.
ದೊಡ್ಡಕ್ಷರ ಕಿತ್ತಳೆ ಬಣ್ಣದಲ್ಲಿ ಹೊತ್ತಿಕೊಂಡಿತು
ಖಾಲಿ ಡಿಪೋದ ತುಂಬ.

"ಸಾಯದೆ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ,"
ಎಂದಳು, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ಹೂಂ ಎಂದು
ಲೋಟ ತೊಳೆಯಲು ಹೋದೆ.
ನಲ್ಲಿಯ ನೀರು ಬಹಳ ತಣ್ಣಗಿತ್ತು.