ಆರನೇ ದಿನ

ಮಾನಿಟರಿನ ಹಸಿರು ಗೆರಿ ನೋಡಿ
ನಮ್ಮಾಂವ ನಕ್ಕ:
"ನಾಲ ಬಿದ್ದಾಗ ನಮ್ಮ ಬಿಜಲಿ ಕುದುರಿ
ಹಿಂಗ ನಡೀತಿತ್ತು.
ಗೋಳಗುಮ್ಮಟದ ಮುಂದ ಒಬ್ಬರೂ ಟಾಂಗಾ ಹತ್ತಲಿಲ್ಲ."

ಹೃದಯ ಸೋತದ್ದಕ್ಕ ಕಾರ್ಡಿನಾಗ ಐದು ದಿನ ಐತಿ.
ತಾಳ ತಪ್ಪಿದ್ದಕ್ಕ?
ಕೌಂಟರಿನ ಹುಡುಗಿ ಕಂಪ್ಯೂಟರಿನಾಗ ಹುಡುಕಿ
ತಲಿ ಅಲ್ಲಾಡಿಸಿದಳು.

ಆರನೇ ದಿನ ಬೆಡ್ಡು, ಸೂಜಿ,
ರಕ್ತ ತೆಳ್ಳಗ ಮಾಡೋ ಗುಳಿಗಿ,
ತೆಳ್ಳಗಾತೇನಂತ ನೋಡಾಕ ಮತ್ತ ರಕ್ತ.
ಟಾಂಗಾದ ಹಿತ್ತಾಳಿ ದೀಪ ಎರಡೂ
ಸೆರಗಿನಾಗ ಸುತ್ತಿ ಒಯ್ದೆ.
ತೂಕ ಮಾಡಿದಾಂವ ಕೇಳಿದ, "ಗಂಟಿ?"

ಗಂಟಿ ಕೊಡಲಿಲ್ಲ.
ರಾತ್ರಿ ಎದಿಮ್ಯಾಲ ಕಿವಿ ಇಟ್ಟು
ಒಂದು ಬಡಿತಕ್ಕ ಎಷ್ಟು ರೂಪಾಯಿ ಬಿತ್ತಂತ
ಎಣಸಾಕ ಕುಂತೆ.
ಎರಡು, ಮೂರು. ಆಮ್ಯಾಲ ಏನೂ ಇಲ್ಲ.
ಆಮ್ಯಾಲ ಏಳೆಂಟು ಒಮ್ಮೆಲೇ.
ಮತ್ತ ಒಂದರಿಂದ.