ನಲವತ್ತು ಮಿಲಿಗ್ರಾಂ

ಸುಲ್ತಾನ್‌ಪೇಟೆಯ ಪ್ರೆಸ್ಸಿನ ಹಿಂದೆ, ಪಾಯಿಖಾನೆಯಲ್ಲಿ
ನಿಂತಿದ್ದೇನೆ. ಬರಬೇಕು, ಬರುತ್ತಿಲ್ಲ.
ಹೊರಗೆ ಕಟಿಂಗ್ ಮೆಷಿನ್ನು ಎರಡು ರೀಮು ಮುಗಿಸಿತು.
ನಲವತ್ತಮೂರು ವರ್ಷ ಯಾವುದಕ್ಕೂ ಕಾಯದವನು
ಈಗ ನನಗೆ ನಾನೇ ಕಾಯುತ್ತೇನೆ.

ಡಾಕ್ಟರು ಹೇಳಿದ್ದರು:
ಬಾಯಿ ಒಣಗುತ್ತೆ, ಹಸಿವು ಇಳಿಯುತ್ತೆ,
ಕೈ ತಣ್ಣಗಾದರೆ ಹೆದರಬೇಡಿ.
ಇನ್ನೊಂದನ್ನು ಹೇಳುವಾಗ ಪೆನ್ನಿನ ಮುಚ್ಚಳ
ತೆಗೆದರು, ಹಾಕಿದರು, ತೆಗೆದರು.
ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.
ನಮ್ಮಲ್ಲೇ ಅಚ್ಚಾದದ್ದು.
ನವೆಂಬರಿಗೆ ಮೂವತ್ತೊಂದು ದಿನ.

ಮಾತ್ರೆಗೆ ಮುಂಚೆ ಹಾಗೆ ನಾನು.
ಒಬ್ಬಳ ಲಗ್ನಪತ್ರಿಕೆಯಲ್ಲಿ ಇನ್ನೊಬ್ಬಳ ವರ,
ಅಡ್ವಾನ್ಸು ವಾಪಸ್, ಬೈಗುಳ ಬಡ್ಡಿ ಸಮೇತ.
ಈಗ ಒತ್ತಕ್ಷರದ ಬಾಲ ಮುರಿದರೂ ಕಣ್ಣಿಗೆ ಚುಚ್ಚುತ್ತದೆ.
ತಲೆಯೊಳಗಿನ ಕೆ.ಆರ್. ಮಾರ್ಕೆಟ್ಟಿಗೆ
ಯಾರೋ ಬಂದ್ ಘೋಷಿಸಿದ ಹಾಗೆ:
ಒಂದು ಹಸು, ಒಂದಿಷ್ಟು ಬಾಡಿದ ಸೇವಂತಿಗೆ.

ರಾತ್ರಿ ವಾಸಂತಿಯ ಪಕ್ಕ
ನನ್ನ ಕೈ, ಫ್ರಿಜ್ಜಿನಿಂದ ತೆಗೆದ ಸೌತೆಕಾಯಿ.
ಮೈ ರಜೆ ಚೀಟಿ ಕೊಟ್ಟು ಹೋಗಿದೆ,
ವಾಪಸ್ ಬರುವ ತಾರೀಕು ಬರೆದಿಲ್ಲ.
‘ವಯಸ್ಸು’ ಅಂದೆ. ಸುಳ್ಳು.
ಅವಳು ಹೊದಿಕೆ ಸರಿಮಾಡಿ,
‘ಮೊದಲೆಲ್ಲ ನಾನು ಮಾತಾಡೋವಾಗ
ಫ್ಯಾನ್ ನೋಡ್ತಿದ್ರಿ’ ಅಂದಳು.
ಕೆಂಗೇರಿ ಸೈಟಿನ ಬಗ್ಗೆ ಅವಳಣ್ಣನ ಜಗಳ
ಮೊದಲಿಂದ ಹೇಳಿದಳು.
ಹದಿನೇಳು ವರ್ಷ ಕೇಳಿದ ಕಥೆಗೆ
ಒಂದು ಕೊನೆಯೂ ಇದೆ, ಅದರಲ್ಲಿ ಅವಳು ಅಳುತ್ತಾಳೆ:
ನನಗೆ ಗೊತ್ತೇ ಇರಲಿಲ್ಲ.

ಎರಡು ಗಂಟೆ. ನಾಲಿಗೆ ಬ್ಲಾಟಿಂಗ್ ಪೇಪರು.
ಅವಳು ನಿದ್ದೆ ಹೋದಳು, ನಾನು ಹೋಗಲಿಲ್ಲ.

ನಾಡಿದ್ದು ಡಾಕ್ಟರ ಬಳಿ ಕೇಳಬೇಕು,
ಆ ಇನ್ನೊಂದರ ಬಗ್ಗೆ, ಅದರ ಹೆಸರು ಹಿಡಿದೇ.
ಕ್ಯಾಲೆಂಡರೂ ಬದಲಿಸಿ ಕೊಡಬೇಕು.
ಚೀಟಿಯಲ್ಲಿ ಬರೆದಿಟ್ಟಿದ್ದೇನೆ.
ಚೀಟಿ ಜೇಬಲ್ಲೇ ಇದೆ.