ಕಪ್ಪಿನ ಗುರುತು

ಹನ್ನೊಂದು ಚೀಲಗಳಲ್ಲಿ ಬಂದರು ಮಾಜಿ ಅಧ್ಯಕ್ಷರು,
ಸೋನಾಮಸೂರಿ, ಇಪ್ಪತ್ತೈದು ಕೆ.ಜಿ. ಎಂದು ಅಚ್ಚಾದ ಚೀಲ.
ಇಳಿಸಿದ ಮಗ ಕೈ ಕೊಡವಿಕೊಂಡ:
"ರದ್ದಿಯವ ಬಂದಿದ್ದ ಮೇಡಂ, ಕೆ.ಜಿ.ಗೆ ಹದಿನಾಕು ಅಂದ.
ತೂಗಾಕ ಮನಸಾಗಲಿಲ್ರಿ. ನೀವ ಇಟ್ಕೊಳ್ರಿ."
ರಸೀದಿ ಬರೆದುಕೊಟ್ಟೆ, ತೂಕ ಬಿಟ್ಟು.

ರಾಯಚೂರಿನ ಕೋಟೆಗೋಡೆಗೆ ಬೆನ್ನು ಕೊಟ್ಟ ಕೋಣೆ ನಮ್ಮದು.
ಏಪ್ರಿಲ್. ಹೊರಗೆ ನಲವತ್ತಮೂರು.
ಫ್ಯಾನು ಹಾಕುವಂತಿಲ್ಲ, ಪುರಸಭೆಯೇ ಹಾರಿಹೋಗುತ್ತದೆ.
ಶಕ್ತಿನಗರದ ಬೂದಿ ಕಿಟಕಿ ಸಂದಿಯಿಂದ ಬಂದು
ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ
ಊಟದ ಹೊತ್ತಿಗೆ ಮತ್ತೆ ಕೂತಿರುತ್ತದೆ.
ಮೆತ್ತನೆ ಕುಂಚ, ಹತ್ತಿ ದಾರ, ಆಮ್ಲವಿಲ್ಲದ ಪೆಟ್ಟಿಗೆ.
ತುಕ್ಕು ಹಿಡಿದ ಟಾಚಣಿಗಳನ್ನು ಕಿತ್ತು ಕಿತ್ತು
ಒಂದು ಹಾರ್ಲಿಕ್ಸ್ ಬಾಟಲಿ ತುಂಬಿದೆ.

ಮೂಲ ಕ್ರಮ ಕೆಡಿಸಬೇಡಿ ಎಂದು ಕಲಿಸಿದ್ದರು ತರಬೇತಿಯಲ್ಲಿ.
ಈ ಮನುಷ್ಯನ ಕ್ರಮ ತಾರೀಖಿನದಲ್ಲ, ಇಲಾಖೆಯದೂ ಅಲ್ಲ,
ಓಣಿಯದು.
ಮೊಸರುಗುಂಡಿ ಓಣಿ. ಗಚ್ಚಿನ ಬಾವಿ. ಹಿಂದಿನ ನಲ್ಲಿ.
ಸುಟ್ಟ ಮೋಟರು, ಎತ್ತಿಸಿದ ಸತ್ತ ಎಮ್ಮೆ,
ಮೂರು ದಿನಕ್ಕೊಮ್ಮೆ ಬರುವ ನೀರಿಗೆ ಮೂವತ್ತು ಅರ್ಜಿ,
(ಎರಡು ಹೊಳೆ ನಡುವಿನ ಊರು ನೋಡಿ ನಮ್ಮದು)
ಕಸ ಹೊಡೆಯುವವರ ಬೂಟಿನ ಅಳತೆ, ನಲವತ್ತೊಂದು ಹಾಳೆ,
ಪ್ರತಿ ಹಾಳೆಯಲ್ಲಿ ಎರಡು ಪಾದ, ಸುತ್ತ ಪೆನ್ಸಿಲ್ ಗೆರೆ.
ಮೂರನೆಯದರಲ್ಲಿ ಒಂದು ಕಿರುಬೆರಳಿಲ್ಲ.

ಅಲ್ಲಲ್ಲಿ ಕಂದು ಉಂಗುರ.
ಕಲೆ ತೆಗೆಯುವ ವಿಧಾನ ಕೈಪಿಡಿಯ ಅರವತ್ತೆರಡನೇ ಪುಟದಲ್ಲಿದೆ.
ಬಟ್ಟಿ ಇಳಿಸಿದ ನೀರು ತಂದಿಟ್ಟ ದಿನವೇ
ಫೋಟೋದವರ ಗುರುತು ಹೇಳಲು ಬಂದರು ಲಾಲೇಸಾಬ,
ಅಧ್ಯಕ್ಷರ ಜೀಪು ಓಡಿಸಿದವರು, ಈಗ ಒಂದು ಕಣ್ಣಿಗೆ ಪೊರೆ.

"ಅದನ್ನ ತೊಳೀಬ್ಯಾಡ್ರಿ ಬಾಯೋರ.
ಸಾಹೇಬ್ರು ಫೈಲಿನ ಮ್ಯಾಲ ಕಪ್ಪು ಇಟ್ರು ಅಂದ್ರ
ಕುಂತು ಓದ್ಯಾರ ಅಂತ.
ಇಡಲಿಲ್ಲ ಅಂದ್ರ, ಸಹಿ, ಅಷ್ಟ.
ಹೊರಗ ಜೀಪು ಚಾಲೂನ ಇರ್ತಿತ್ತು."

ನೀರಿನ ಬಾಟಲಿ ಮುಚ್ಚಿಟ್ಟೆ.
ಪಟ್ಟಿಯಲ್ಲಿ ಯಾವ ಮೇಲಧಿಕಾರಿಯೂ ಕೇಳದ ಅಂಕಣವೊಂದನ್ನು ಎಳೆದೆ:
ಕಪ್ಪು.
ಎಮ್ಮೆಗೆ ಒಂದು. ಮೋಟರಿಗೆ ಎರಡು.
ಬೂಟಿಗೆ ನಾಲ್ಕು, ಒಂದರೊಳಗೊಂದು ಸಿಕ್ಕಿಕೊಂಡು
ಕೊಂಡಿ ಕೊಂಡಿ ಸರಪಳಿ.
ಆ ರಾತ್ರಿ ಏನು ಲೆಕ್ಕ ಕೂಡಲಿಲ್ಲವೋ ಅವರಿಗೆ,
ಬೂಟು ಬಂದವೋ ಇಲ್ಲವೋ, ಚೀಲಗಳು ಹೇಳುವುದಿಲ್ಲ.
ಆದರೂ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಬರತೊಡಗಿತ್ತು.

ಒಂಬತ್ತನೇ ಚೀಲದ ತಳದಲ್ಲಿ
ರಸ್ತೆ ಅಗಲೀಕರಣ, ತೆರವುಗೊಳಿಸಬೇಕಾದ ಅಂಗಡಿಗಳು.
ಕ್ರಮ ಸಂಖ್ಯೆ ಇಪ್ಪತ್ತೇಳು:
ಹೊನ್ನೂರಪ್ಪ, ಸೈಕಲ್ ಬಾಡಿಗೆ, ಆರು ಅಡಿಗೆ ಎಂಟು.

ಆಗ ನಾನು ಏಳನೇ ಕ್ಲಾಸು.
ಪಂಕ್ಚರ್ ಹುಡುಕುವ ಬೋಗುಣಿಯನ್ನು
ಅಪ್ಪ ನೀರು ಸಮೇತ ಎತ್ತಿಕೊಂಡು ಬಂದಿದ್ದ
ಅಂಗಡಿಯಿಂದ ಮನೆತನಕ,
ಒಂದು ಹನಿ ಚೆಲ್ಲದ ಹಾಗೆ, ಎರಡು ಕೈಯಲ್ಲಿ.
ಯಾಕೆ ಎಂದು ಅವ್ವ ಕೇಳಲಿಲ್ಲ.
ಮೂರು ದಿನ ಅಂಗಳದಲ್ಲಿತ್ತು ಆ ಕರೀ ನೀರು.

ಹಾಳೆಯನ್ನು ಕಿಟಕಿಗೆ ಹಿಡಿದೆ.
ಭೂತಗನ್ನಡಿ ಹಿಡಿದು ಮುಂದೆ ನೋಡಿದೆ, ಹಿಂದೆ ನೋಡಿದೆ,
ಅರ್ಧ ಉಂಗುರ ಸಿಕ್ಕರೂ ಸಾಕಿತ್ತು, ಒಂದು ಹನಿಯ ಜಾಡು.
ಮಡಿಕೆಯಿಲ್ಲ. ಹುಳು ತಿಂದಿಲ್ಲ.
ಒಂದೇ ಉಸಿರಿನಲ್ಲಿ ಹಾಕಿದ ಚೆಂದದ ಸಹಿ.

ಹನ್ನೊಂದು ಚೀಲಗಳಲ್ಲಿ ಇಷ್ಟು ಶುಭ್ರ ಕಾಗದ ಇನ್ನೊಂದಿಲ್ಲ.

ನಮೂನೆ ತುಂಬಿದೆ.
ಪೆಟ್ಟಿಗೆ ಹದಿನೇಳು, ಕಡತ ಆರು.
ಸ್ಥಿತಿ: ಉತ್ತಮ. ಕಲೆಯಿಲ್ಲ.
ಕಪ್ಪು ಎಂಬಲ್ಲಿ ಸೊನ್ನೆ ಹಾಕಹೋದೆ.
ಪೆನ್ನು ಅರ್ಧ ಸುತ್ತಿದಾಗ ಕಂಡಿತು, ಇದೂ ಉಂಗುರವೇ.
ಅಲ್ಲಿಗೇ ನಿಲ್ಲಿಸಿ
ಅಡ್ಡಗೆರೆ ಎಳೆದೆ.